ತಖಿಯ್ಯಾ ಅಜ್ಜಿ ಮುಟ್ಟದ ಚಮಚ

ಜಬೀದ್ ಊರಿನ ಆಸ್ಪತ್ರೆಯ ಬಡಕಲು ಮಕ್ಕಳ ವಾರ್ಡಿನಲ್ಲಿ ತಖಿಯ್ಯಾ ಅಜ್ಜಿಯ ಕಣ್ಣು ತಪ್ಪಿಸಿ ನೊಣವೂ ಹಾರದು. ತೂಕದ ತಕ್ಕಡಿಯ ಮೇಲೆ ಅನುಮಾನ, ಡಾಕ್ಟರ ನಗುವಿನ ಮೇಲೆ ಅನುಮಾನ, ಮೊಮ್ಮಗ ವಹೀಬನ ಹಾಲಿಗೆ ಬೆರೆಸುವ ಅಮೈನೋ ಆಮ್ಲದ ಪುಡಿಯ ಮೇಲಂತೂ ಹಗೆಯೇ. ನರ್ಸ್ ಇಲ್ಹಾಮ್ ಬಟ್ಟಲು ತಂದರೆ ಮೂಸುವಳು, ನಾಲಗೆಗೆ ಹಚ್ಚಿಕೊಳ್ಳುವಳು, "ಥೂ, ಇದನ್ನ ಒಂಟೇನೂ ಮುಟ್ಟಲ್ಲ" ಎನ್ನುವಳು. "ಅಜ್ಜೀ, ಹೊಟ್ಟೆಗಿಲ್ದೆ ಇವನ ಕರುಳು ಸವೆದುಹೋಗಿದೆ. ಅದನ್ನ ಮತ್ತೆ ಕಟ್ಟೋಕೆ ಈ ಪುಡೀನೇ ಇಟ್ಟಿಗೆ" ಎಂದರೆ, "ಇಟ್ಟಿಗೆ ನೀನೇ ತಿನ್ನು ಹೋಗೇ" ಎಂದು ಗದರುವಳು. ಇಷ್ಟಾದರೂ ಚಮಚ ಮಾತ್ರ ತಾನು ಮುಟ್ಟಳು. ಕುಡಿಸುವುದು ಇಲ್ಹಾಮಳೇ ಆಗಬೇಕು. ನಾಳೆ ಏನಾದರೂ ಆದರೆ ತಪ್ಪನ್ನು ತನ್ನ ತಲೆಗೆ ಕಟ್ಟಲು ಮುದುಕಿ ಹೂಡಿದ ಆಟವಿದು ಎಂದು ಇಲ್ಹಾಮಳಿಗೂ ಒಳಗೊಳಗೇ ಗುಮಾನಿ. ಒಂದು ಮಧ್ಯಾಹ್ನ ವಹೀಬ್ ಮೊದಲ ಸಲ ಹಸಿವೆಂದು ಅತ್ತ. ಪಕ್ಕದ ಮಂಚದಾಕೆ ಹಿಗ್ಗಿ, ತುಪ್ಪದಲ್ಲಿ ಅದ್ದಿದ ರೊಟ್ಟಿ ಚಾಚಿ, "ನಿಮ್ಮ ಕೈಯಾರೆ ತಿನ್ನಿಸಿ ಅಜ್ಜೀ" ಎಂದಳು. ಅಜ್ಜಿ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಬಟ್ಟಲು ಹಿಡಿದು ಬಂದ ಇಲ್ಹಾಮಳತ್ತ ತಿರುಗಿದಳು. "ಇವನ ಅಣ್ಣ ಹಿಂಗೇ ಅತ್ತಾಗ ಹೊಟ್ಟೆ ತುಂಬ ತಿನ್ನಿಸಿದ್ದೆ. ಬತ್ತಿದ ಕರುಳು ತಡ್ಕೊಳ್ಳಲಿಲ್ಲ, ಬೆಳಗಾಗೋದ್ರೊಳಗೆ ಹೋದ. ನೀನೇ ಕುಡಿಸು ಇಲ್ಹಾಮ್, ಈ ಕೈನ ನಾನು ನಂಬಲ್ಲ."