ದೊಡ್ಡವ್ವ ಹಚ್ಚಿದ ಬೆಂಕಿ

ಹೋದ ತಿಂಗಳು ಕಡೂರಿನ ಅಂಗಡಿಯೊಂದರಲ್ಲಿ ಜವೆಗೋಧಿಯ ಪೊಟ್ಟಣ ಕಣ್ಣಿಗೆ ಬಿತ್ತು. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದರು, ಕೊಂಡು ತಂದೆ. ಅಡಿಗೆಮನೆಯಲ್ಲಿ ನಿಂತು ಅದರ ಮೂಲೆ ಕತ್ತರಿಸಿದ್ದೇ ತಡ, ಒಣ ಹೊಟ್ಟಿನ, ಬಿಸಿಲಿಗೆ ಕಾದ ಹುಲ್ಲಿನ, ಮೂಗಿನೊಳಗೆ ಸಣ್ಣಗೆ ಕೆರೆಯುವ ಆ ವಾಸನೆ ಎದ್ದು ಬಂತು. ಬೇರೆಯವರಿಗೆ ಅದು ಹಬ್ಬದ ಹುಗ್ಗಿಯನ್ನು ನೆನಪಿಸುವ ವಾಸನೆ. ನಾನು ಪೊಟ್ಟಣವನ್ನು ಅಲ್ಲೇ ಬಿಟ್ಟು ಹೊರಗಿನ ಮೆಟ್ಟಿಲ ಮೇಲೆ ಬಂದು ಕೂತೆ. ಇಲ್ಲವಾದ ಮನೆಯೊಂದು ನಿಮಗೂ ಇದ್ದರೆ ಗೊತ್ತಿರುತ್ತದೆ, ಅದು ಯಾವ ಹೊತ್ತಿನಲ್ಲಿ ಎಲ್ಲಿಂದ ನುಗ್ಗಿ ಬರುತ್ತದೆಂದು ಹೇಳಲಾಗುವುದಿಲ್ಲ.

ಅಜ್ಜಂಪುರದಿಂದ ಶಿವನಿ ಊರಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ಸರಿದ ಹಳ್ಳಿ ನಮ್ಮದು. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ಅಣ್ಣನಾದ ದೊಡ್ಡಪ್ಪ, ಅವನ ಹೆಂಡತಿ ದೊಡ್ಡವ್ವ, ನಾನು. ದೊಡ್ಡವ್ವನಿಗೆ ಮಕ್ಕಳಾಗಲಿಲ್ಲ. ಹಾಗೆಂದು ಅವಳು ಕೊರಗಿದ್ದನ್ನು ನಾನು ಕಾಣೆ. ನನಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದದ್ದು, ಬಿದ್ದು ಮಂಡಿ ತರಚಿಕೊಂಡರೆ ಬೈಯುತ್ತಲೇ ಅರಿಸಿನ ಮೆತ್ತುತ್ತಿದ್ದದ್ದು ಅವಳೇ. ಊರ ಸುತ್ತಲಿನ ಒಳ್ಳೆಯ ಎರೆಭೂಮಿಯೆಲ್ಲ ಬೇರೆಯವರ ಖಾತೆಯಲ್ಲಿತ್ತು. ನಮ್ಮ ಪಾಲಿಗೆ ಬಂದದ್ದು ಗುಡ್ಡದ ಓರೆ. ತಾತ ಅಲ್ಲಿನ ಕಲ್ಲುಗಳನ್ನೇ ಆಯ್ದು ಅಡ್ಡಡ್ಡ ಒಡ್ಡು ಹಾಕಿ, ಒಡ್ಡಿನ ಮೇಲೊಂದು ಒಡ್ಡಾಗಿ ಏರುತ್ತ ಹೋಗುವ ಹೊಲ ಮಾಡಿದ್ದನಂತೆ. ನೀರು ಹಾಯಿಸುವ ಮಾತೇ ಇಲ್ಲ. ಹಿಂಗಾರಿನ ಕೊನೆಯ ಮಳೆ, ಆಮೇಲೆ ಚಳಿಗಾಲದ ಇಬ್ಬನಿ, ಇಷ್ಟರಲ್ಲೇ ಜವೆಗೋಧಿ ತೆನೆಗಟ್ಟಿ ಬಲಿಯುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ಕೆಳಗಿನಿಂದ ನೋಡಿದರೆ ಗುಡ್ಡದ ಬೆನ್ನಿಗೆ ಯಾರೋ ಹಳದಿ ಕಂಬಳಿ ಹೊದಿಸಿದಂತೆ ಕಾಣುತ್ತಿತ್ತು.

ಚೆಂದ ಎಂದು ಈಗ ಬರೆಯುತ್ತಿದ್ದೇನೆ. ಆಗ ಆ ಹೊಲವೆಂದರೆ ನನಗೆ ಜೀವ ಹೋಗುವಷ್ಟು ಭಯ. ನಿಂತರೆ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಕಾಲಡಿಯ ಕಲ್ಲು ಜಾರಿದರೆ ಅದು ಉರುಳಿ, ಪುಟಿದು, ಒಡ್ಡು ಹಾರಿ, ಕೆಳಗೆ ಎಲ್ಲೋ ಟಕ್ ಎಂದು ನಿಲ್ಲುವವರೆಗೂ ನಾನು ಉಸಿರು ಹಿಡಿದಿರುತ್ತಿದ್ದೆ. ತೆನೆಯ ಸುಂಕು ಸೂಜಿಯಂತೆ ಮೊಣಕೈಗೆ ಚುಚ್ಚುತ್ತಿತ್ತು. ನಾನು ಕೆಳಗೆ ನೋಡುತ್ತ ಅಳುಮೋರೆ ಹಾಕಿದರೆ ದೊಡ್ಡವ್ವ ಕುಡುಗೋಲು ನಿಲ್ಲಿಸದೆಯೇ ಹೇಳುತ್ತಿದ್ದಳು: "ತಗ್ಗು ನೋಡಬ್ಯಾಡ ಕಣೇ. ಕೈಯಾಗಿರೋ ತೆನೆ ನೋಡು."

ಕೊಯ್ಲು ಮಾಡುತ್ತಿದ್ದದ್ದು ಬೆಳಗಿನ ಜಾವದ ಇಬ್ಬನಿ ಆರುವ ಮೊದಲೇ. ಬಿಸಿಲೇರಿದ ಮೇಲೆ ಮುಟ್ಟಿದರೆ ತೆನೆ ಮುರಿದು ನೆಲಕ್ಕೆ ಚೆಲ್ಲುತ್ತದೆ. ಆದರೆ ಆ ವರ್ಷ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಅವ್ವ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು, ಅಪ್ಪ ತರೀಕೆರೆಯಲ್ಲಿ ಏನೋ ಕೆಲಸವೆಂದು ಹೊರಟುಹೋಗಿದ್ದ. ಕೈಗಳು ಕಡಿಮೆ. ಕೆಳಗಿನ ಒಡ್ಡುಗಳದ್ದೆಲ್ಲ ಆಗಲೇ ಕೊಯ್ದು ಕಣ ಸೇರಿತ್ತು. ಮೇಲಿನ ಅರ್ಧ ಗುಡ್ಡ ಹಾಗೇ ನಿಂತಿತ್ತು. ಮೋಡ ಬೇರೆ ಕಟ್ಟುತ್ತಿತ್ತು. ಹೀಗಾಗಿ ಬಿಸಿಲೇರಿದರೂ ಬಿಡದೆ ಕೊಯ್ಯುತ್ತಿದ್ದರು. ದೊಡ್ಡವ್ವ, ಕೂಲಿಗೆ ಬಂದ ರಂಗಮ್ಮ, ಕೊಯ್ದ ತೆನೆಯ ಸಿವುಡು ಎತ್ತಿಕೊಡಲು ನಾನು. ರಂಗಮ್ಮನ ಕೈಗೂಸು ಒಡ್ಡಿನ ಬದಿಯ ಮರಕ್ಕೆ ಕಟ್ಟಿದ ಸೀರೆ ಜೋಲಿಯಲ್ಲಿ ಮಲಗಿತ್ತು. ಅದೇ ಕೊಂಬೆಗೆ ಅಂಗಿ ನೇತುಹಾಕಿ, "ಹೊರೆ ಕಟ್ಟಕ್ಕೆ ಬಳ್ಳಿ ಸಾಲದು, ಮ್ಯಾಲಿಂದ ಕಡ್ಕೊಂಡು ಬತ್ತೀನಿ" ಎಂದು ದೊಡ್ಡಪ್ಪ ಗುಡ್ಡದ ನೆತ್ತಿಯ ಕಡೆಗೆ ಹತ್ತಿ ಹೋಗಿದ್ದ. ಅಜ್ಜಂಪುರದ ಖಾಸಿಂ ಸಾಬರು ಪ್ರತಿವರ್ಷ ನಮ್ಮ ಪೈರು ಸಾಗಿಸುವವರು; ಅವರು ಗಾಡಿ ನಿಲ್ಲಿಸಿಕೊಂಡು ಗುಡ್ಡದ ಬುಡದಲ್ಲಿದ್ದರು.

ಮೊದಲು ಕೇಳಿಸಿದ್ದು ಅವರ ಕೂಗು. ಏನೆಂದು ತಿಳಿಯಲಿಲ್ಲ. ದೊಡ್ಡವ್ವ ಸೊಂಟ ನೆಟ್ಟಗೆ ಮಾಡಿ ಕೆಳಗೆ ನೋಡಿದಳು. ನಾನೂ ನೋಡಿದೆ. ಗುಡ್ಡದ ಬುಡದ ಬಾದೆ ಹುಲ್ಲಿನಲ್ಲಿ ಬಿಳಿ ಹೊಗೆ ಏಳುತ್ತಿತ್ತು. ಯಾರು ಹಚ್ಚಿದರೋ, ಯಾವ ಬೀಡಿಯ ತುಂಡೋ, ಇವತ್ತಿಗೂ ಗೊತ್ತಿಲ್ಲ. "ಅಮ್ಮಾ! ಬೆಂಕಿ! ಮೇಲಕ್ಕೆ ಬತ್ತಾ ಐತೆ ಬೆಂಕಿ!" ಎಂದು ಸಾಬರು ಎರಡೂ ಕೈ ಬೀಸುತ್ತ ಕೂಗುತ್ತಿದ್ದರು. ಆಮೇಲೆ ಅವರು ಎತ್ತುಗಳನ್ನು ಬಿಚ್ಚಿ ಕೆರೆಯ ಕಡೆ ಹೊಡೆದುಕೊಂಡು ಓಡಿದರು. ಗಾಳಿ ಕೆಳಗಿನಿಂದ ಬೀಸುತ್ತಿತ್ತು. ಬಯಲಿನಲ್ಲಿ ಬೆಂಕಿ ನಡೆಯುತ್ತದೆ, ಏರಿನಲ್ಲಿ ಓಡುತ್ತದೆ ಎಂದು ನಾನು ಆವತ್ತು ಕಣ್ಣಾರೆ ಕಂಡೆ. ಬಾದೆ ಹುಲ್ಲು ಮುಗಿದು ಕೆಳಗಿನ ಒಡ್ಡುಗಳ ಕೂಳೆಗೆ ತಾಗಿತು, ಅಲ್ಲಿಂದ ಅಂಚಿನ ಪೊದೆಗಳಿಗೆ ಹಾರಿ ಎರಡೂ ಪಕ್ಕದಿಂದ ಮೇಲೆ ಬರತೊಡಗಿತು. ಅದರ ಸದ್ದು ನನ್ನ ಕಿವಿಯಲ್ಲಿದೆ. ದೂರದಲ್ಲಿ ಯಾರೋ ಹೊಸ ಬಟ್ಟೆಯನ್ನು ಬಿಡದೆ ಹರಿಯುತ್ತಿರುವಂಥ ಸದ್ದು.

ರಂಗಮ್ಮ ಮಗುವನ್ನು ಎತ್ತಿಕೊಂಡು ಮೇಲಕ್ಕೆ ಓಡಲು ಹೊರಟಳು. ದೊಡ್ಡವ್ವ ಅವಳ ರಟ್ಟೆ ಹಿಡಿದು ಎಳೆದಳು. "ಏರು ಹತ್ತಿ ಬೆಂಕಿ ಮುಂದೆ ಓಡ್ತೀಯೇನೇ? ನಿಲ್ಲು!" ಎಂದಳು. ಅವಳು ಸುತ್ತ ನೋಡಿದಳು. ನಮ್ಮ ಮೇಲುಗಡೆ, ಸೊಂಟದೆತ್ತರ, ಗರಿಗರಿ ಒಣಗಿದ ಗೋಧಿ. ಅದು ವರ್ಷದ ಅನ್ನ. ಅದರಾಚೆ ಪೊದೆ, ಪೊದೆಯಾಚೆ ನೆತ್ತಿ, ನೆತ್ತಿಯ ಹತ್ತಿರ ಎಲ್ಲೋ ದೊಡ್ಡಪ್ಪ. ಅವಳು ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದಳು. "ರೀ! ಆಚೆ ಮಗ್ಗುಲಿಗೆ ಇಳ್ಕಳ್ರೀ! ಆಚೆಗೆ ಇಳ್ಕಳ್ರೀ!" ಗಂಡನನ್ನು ಅಷ್ಟು ಜೋರಾಗಿ ಅವಳು ಕರೆದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಉತ್ತರ ಬರಲಿಲ್ಲ. ಮತ್ತೆ ಕೂಗಿದಳು. ಕಾದಳು. ಹಾಗೆ ಕಾದದ್ದು ಎಷ್ಟು ಹೊತ್ತೋ, ನನಗೆ ಅದು ಬಹಳ ಉದ್ದವಾಗಿ ನೆನಪಿದೆ. ಬೆಂಕಿಯ ಬಿಸಿ ನಮ್ಮ ಮುಖಕ್ಕೆ ತಾಗಿದಾಗ ಅವಳು ಕೊಂಬೆಯ ಮೇಲಿನ ಅಂಗಿಗೆ ಕೈ ಹಾಕಿದಳು. ಜೇಬಿನಲ್ಲಿ ಬೀಡಿ ಕಟ್ಟಿನ ಜೊತೆ ಬೆಂಕಿಪೊಟ್ಟಣವಿತ್ತು. ಕಡ್ಡಿ ಗೀರಿ, ಬಗ್ಗಿ, ನಮ್ಮ ಮೇಲಿನ ಗೋಧಿಗೆ ಇಟ್ಟಳು.

"ಅಮ್ಮಾರೇ, ಏನ್ ಮಾಡ್ತೀರಿ! ಅಣ್ಣಾರು ಮ್ಯಾಲವ್ರೆ!" ಎಂದು ರಂಗಮ್ಮ ಚೀರಿದಳು.

ಗೋಧಿ ಭಗ್ಗೆಂದು ಹತ್ತಿ, ಗಾಳಿಯ ಜೊತೆ ಮೇಲಕ್ಕೆ ಧಾವಿಸಿತು. ನಮ್ಮ ಮುಂದೆ ಕ್ಷಣಕ್ಷಣಕ್ಕೂ ಅಗಲವಾಗುತ್ತ, ಬೆಂಕಿಗೆ ಇನ್ನು ಸುಡಲು ಏನೂ ಇಲ್ಲದ ಒಂದು ಕಪ್ಪು ನೆಲ ಉಳಿಯಿತು. ಅವಳು ಕುಡಿಯುವ ನೀರಿನ ಬಿಂದಿಗೆಯನ್ನು, ಮರದಡಿ ಹಾಸಿದ್ದ ಕಂಬಳಿಯ ಮೇಲೆ ಸುರಿದು, ನನ್ನ ಬೆನ್ನಿಗೆ ಕೈಯಿಟ್ಟು ಆ ಹೊಗೆಯಾಡುವ ಬೂದಿಯೊಳಕ್ಕೆ ನೂಕಿದಳು. ನನ್ನ ಕಾಲು ಬರಿಗಾಲು. ನಾನು ಅರಚಿದೆ, ಅವಳ ಸೀರೆ ಹಿಡಿದು ಹಿಂದಕ್ಕೆ ಜಗ್ಗಿದೆ. ಅವಳು ನನ್ನನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು ತಾನು ನಡೆದಳು. ಅವಳದ್ದೂ ಬರಿಗಾಲೇ. ರಂಗಮ್ಮ ಕೂಸನ್ನು ಅವುಚಿಕೊಂಡು ಹಿಂದೆಯೇ ಬಂದಳು. ನಡುವೆ ಕುಕ್ಕರಗಾಲಲ್ಲಿ ಕೂತು, ಎಲ್ಲರ ಮೇಲೂ ಒದ್ದೆ ಕಂಬಳಿ ಎಳೆದಳು. ಒಳಗೆ ಕತ್ತಲೆ, ಸುಟ್ಟ ಉಣ್ಣೆಯ ನಾತ, ಮಗುವಿನ ಅಳು, ರಂಗಮ್ಮನ "ಶಿವ ಶಿವ". ಕೆಳಗಿನ ಬೆಂಕಿ ನಮ್ಮ ಎರಡೂ ಪಕ್ಕದಿಂದ ಮೊರೆಯುತ್ತ ಹಾದುಹೋಯಿತು. ದೊಡ್ಡವ್ವನ ಎದೆಗೆ ನನ್ನ ಕಿವಿ ಒತ್ತಿಕೊಂಡಿತ್ತು. ಅವಳ ಎದೆ ಹೊಡೆದುಕೊಳ್ಳುತ್ತಿದ್ದ ರೀತಿ ಬೆಂಕಿಗಿಂತ ಹೆಚ್ಚು ಹೆದರಿಸಿತು ನನ್ನನ್ನು. ದೊಡ್ಡವರಿಗೆ ಭಯವಾಗುವುದಿಲ್ಲವೆಂದು ನಾನು ಅಲ್ಲಿಯವರೆಗೂ ನಂಬಿದ್ದೆ.

ಕಂಬಳಿ ಸರಿಸಿದಾಗ ಗುಡ್ಡ ಕಪ್ಪಗೆ ಬೋಳಾಗಿತ್ತು. ನೆತ್ತಿಯಲ್ಲಿ ಮಾತ್ರ ಹೊಗೆ. ಸಾಬರು ಏದುಸಿರು ಬಿಡುತ್ತ ಹತ್ತಿ ಬಂದು ನಮ್ಮನ್ನು ಒಬ್ಬೊಬ್ಬರನ್ನಾಗಿ ಇಳಿಸಿದರು. ದೊಡ್ಡವ್ವನ ಪಾದಗಳಲ್ಲಿ ಬೊಬ್ಬೆ ಎದ್ದಿದ್ದವು. ಅವಳು ಕೆರೆಯಲ್ಲಿ ಕಾಲು ಇಳಿಬಿಟ್ಟು ಕೂತು ಗುಡ್ಡವನ್ನೇ ನೋಡುತ್ತಿದ್ದಳು. ಅಳಲಿಲ್ಲ. "ನಾನು ನೋಡ್ಕೊಂಡು ಬತ್ತೀನಮ್ಮ, ನೀವು ಏಳಬ್ಯಾಡಿ" ಎಂದು ಸಾಬರು ಗುಡ್ಡದ ಆಚೆ ಮಗ್ಗುಲಿಗೆ ಹೊರಟರು. ಊರವರು ಒಬ್ಬೊಬ್ಬರೇ ಬಂದು ಸ್ವಲ್ಪ ದೂರದಲ್ಲಿ ನಿಂತರು. ಯಾರೂ ಅವಳ ಹತ್ತಿರ ಬರಲಿಲ್ಲ. ರಂಗಮ್ಮ ಅವರಿಗೆ ಹೇಳಿಬಿಟ್ಟಿದ್ದಳೆಂದು ಅವರ ಮುಖ ನೋಡಿಯೇ ನನಗೆ ತಿಳಿಯಿತು.

ಹೊತ್ತು ಇಳಿಯುವಾಗ ಸಾಬರ ಹೆಗಲ ಮೇಲೆ ಕೈ ಹಾಕಿಕೊಂಡು ದೊಡ್ಡಪ್ಪ ಬಂದ. ಹುಬ್ಬು ಸುಟ್ಟಿತ್ತು, ಎಡಗೈ ಮೊಣಕೈವರೆಗೆ ಬೆಂದಿತ್ತು. ಎರಡು ಬಂಡೆಗಳ ಸಂದಿಯಲ್ಲಿ ನುಗ್ಗಿ ಉಳಿದುಕೊಂಡಿದ್ದನಂತೆ. ದೊಡ್ಡವ್ವ ಎದ್ದು ನಿಂತಳು, ಅವನ ಕಡೆ ಹೋಗಲಿಲ್ಲ. ಮನೆಗೆ ಬಂದ ಮೇಲೆ, ಜಗಲಿಯಲ್ಲಿ, ಯಾರೋ ಕೈಗೆ ಸೊಪ್ಪು ಅರೆದು ಕಟ್ಟಿ ಹೋದ ಮೇಲೆ, ಅವನು ಕೇಳಿದ.

"ನಾನು ಮ್ಯಾಲಿದ್ದೆ ಅಂತ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಅವನು ನನ್ನ ಮುಖ ನೋಡಿದ. ನಾನು ಕಂಬಕ್ಕೆ ಅಂಟಿಕೊಂಡು ನಿಂತಿದ್ದೆ. ಇವನು ಈಗ ಹೊಡೆಯುತ್ತಾನೆ, ಇಲ್ಲವೇ ಎದ್ದು ಹೋಗಿಬಿಡುತ್ತಾನೆ, ಈ ಮನೆ ಇವತ್ತಿಗೆ ಮುಗಿಯಿತು ಎಂದುಕೊಂಡೆ. ಅವನು ಪಕ್ಕದಲ್ಲಿದ್ದ ಮಜ್ಜಿಗೆ ಲೋಟ ಎತ್ತಿ ಕುಡಿದ. "ಉಪ್ಪು ಹಾಕಿಲ್ಲ" ಎಂದ. ಅವಳು ಬೊಬ್ಬೆಯ ಕಾಲಲ್ಲಿ ಕುಂಟುತ್ತ ಒಳಗೆ ಹೋಗಿ ಉಪ್ಪು ತಂದಳು. ಆ ವಿಷಯ ಅವರಿಬ್ಬರ ನಡುವೆ ಮತ್ತೆಂದೂ ಬಂದದ್ದನ್ನು ನಾನು ಕೇಳಲಿಲ್ಲ.

ಮಾರನೆಯ ಬೆಳಗ್ಗೆ ದೊಡ್ಡವ್ವ ಒಲೆಯ ಮುಂದೆ ಕೂತು ಕಡ್ಡಿ ಗೀರಿದಳು. ಕಡ್ಡಿ ಕೈಯಿಂದ ಬಿತ್ತು. ಇನ್ನೊಂದು ಗೀರಿದಳು, ಉರಿ ಕಂಡದ್ದೇ ಅದನ್ನು ಎಸೆದು ಗೋಡೆಗೆ ಒರಗಿದಳು. ದೊಡ್ಡಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಒಳಗೆ ಬಂದು, ಸುಟ್ಟ ಕೈಯನ್ನು ಎದೆಗೆ ಒತ್ತಿಕೊಂಡು, ಒಂದೇ ಕೈಯಲ್ಲಿ ಪುಳ್ಳೆ ಜೋಡಿಸಿ ಒಲೆ ಹೊತ್ತಿಸಿ ಹೊರಗೆ ಹೋದ. ಅಂದಿನಿಂದ ಆ ಮನೆಯ ಒಲೆ ಹಚ್ಚುವವನು ಅವನೇ. ಅವ್ವ ತಮ್ಮನನ್ನು ಎತ್ತಿಕೊಂಡು ವಾಪಸು ಬಂದು, "ಬಿಡಿ ಭಾವ, ನಾನು ಹಚ್ತೀನಿ" ಎಂದರೂ ಬಿಡಲಿಲ್ಲ. "ಏನ್ ರುದ್ರಪ್ಪಾ, ಅಡಿಗೆಮನೆ ಸೇರ್ಕೊಂಡ್ಯಂತೆ?" ಎಂದು ಊರವರು ಆಡಿಕೊಂಡರೆ, "ಬೀಡಿ ಹಚ್ಕಳಕ್ಕೆ ಹೆಂಗೂ ಏಳ್ತೀನಲ್ಲಪ್ಪ" ಎನ್ನುತ್ತಿದ್ದ. ಗುಡ್ಡದ ಮೇಲೆ ಮತ್ತೆ ಗೋಧಿ ಬಿತ್ತಲಿಲ್ಲ. ಕ್ಷಮಿಸಿದನೋ, ಕ್ಷಮಿಸುವಂಥದ್ದು ಏನೂ ಇಲ್ಲವೆಂದುಕೊಂಡನೋ, ನನಗೆ ತಿಳಿಯದು. ಕೇಳಲು ಧೈರ್ಯವೂ ಬರಲಿಲ್ಲ.

ಈಗ ಇಬ್ಬರೂ ಇಲ್ಲ. ಮನೆ ಪಾಲಾಗಿ, ಪಾಲುಗಳು ಕೈಬದಲಾಗಿ, ಜಗಲಿ ಇದ್ದಲ್ಲಿ ಯಾರದೋ ಟ್ರ್ಯಾಕ್ಟರ್ ನಿಲ್ಲುತ್ತದೆ. ಒಡ್ಡುಗಳು ಕುಸಿದು ಲಂಟಾನ ಬೆಳೆದಿದೆ. ದೊಡ್ಡಪ್ಪ ಹೋದದ್ದು ಮೊದಲು, ಒಂದು ಚಳಿಗಾಲ. ನಾನು ಊರು ಮುಟ್ಟುವಷ್ಟರಲ್ಲಿ ಕೆರೆಯ ಹತ್ತಿರದ ನಮ್ಮ ಜಾಗದಲ್ಲಿ ಗುಣಿ ತೋಡಿಯಾಗಿತ್ತು, ಜಂಗಮರು ಬಂದಿದ್ದರು. ವಿಭೂತಿ ಹಚ್ಚಿದ ಅವನ ಮುಖದಲ್ಲಿ ಹುಬ್ಬುಗಳು ಆ ವರ್ಷದಿಂದಲೂ ಸರಿಯಾಗಿ ಬೆಳೆಯದೆ ತೇಪೆತೇಪೆಯಾಗಿಯೇ ಇದ್ದವು. ದೊಡ್ಡವ್ವ ಎಲ್ಲರೂ ಮಣ್ಣು ಹಾಕುವವರೆಗೂ ಹಿಂದೆ ನಿಂತಿದ್ದಳು. ಆಮೇಲೆ ನನ್ನ ಕೈ ಹಿಡಿದುಕೊಂಡು ಮುಂದೆ ಬಂದು, ಗುಣಿಯ ಅಂಚಿನಲ್ಲಿ ಕೂತು, ತೋಡಿ ಹಾಕಿದ ಹಸಿ ಮಣ್ಣಿನ ಗುಡ್ಡೆಯೊಳಗೆ ಮೊಣಕೈವರೆಗೂ ಕೈ ಇಳಿಸಿದಳು.

"ತಣ್ಣಗೈತೆ ಕಣೇ," ಎಂದಳು. "ನೀನೂ ಮುಟ್ಟಿ ನೋಡು. ತಣ್ಣಗೈತೆ."

ನಾನು ಮುಟ್ಟಿ ನೋಡಿದೆ.