ಅಕ್ಕನ ಕೈ ಹಿಡಿದು ತಿದ್ದಿದ್ದು

'ಅಮ್ಮ' ಎನ್ನಬೇಕಾದರೆ ನನ್ನ ಅಕ್ಕ ಮಣಿಕಟ್ಟಿನ ಹಿಂಬದಿಯಿಂದ ಹಣೆ ಒರೆಸಿಕೊಳ್ಳುತ್ತಾಳೆ. ಬೀಜಾಡಿಯ ನಮ್ಮ ಮನೆಯಂಗಳದಲ್ಲಿ ಅಮ್ಮ ಮೀನು ಸೀಳಿ, ಉಪ್ಪು ಸವರಿ, ಚಾಪೆಯ ಮೇಲೆ ಒಣಗಿಸುತ್ತಿದ್ದಳು. ಬೆರಳುಗಳಿಗೆಲ್ಲ ಮೀನಿನ ಹುರುಪೆ ಮೆತ್ತಿರುತ್ತಿತ್ತು. ಬೆವರು ಒರೆಸಲು ಅವಳಿಗೆ ಉಳಿದ ಜಾಗ ಮಣಿಕಟ್ಟು ಮಾತ್ರ. ಹುಟ್ಟು ಕಿವುಡಿಯಾದ ಅಕ್ಕ ಅಂಗಳದ ಮೂಲೆಯಲ್ಲಿ ಕೂತು ನೋಡಿದ ಅಮ್ಮ ಹಾಗೆಯೇ ಅವಳ ಕೈಗೆ ಬಂದಳು.

ಅಕ್ಕನಿಗೆ ಶನಿವಾರ ಎಂದರೆ ಮೊಣಕೈಗೆ ಸಂತೆಯ ಚೀಲ ತೂಗಿಸುವುದು. ಮಳೆ ಬರುತ್ತದೆ ಎನ್ನಲು ಮೂಗು ಮೇಲೆತ್ತಿ ಗಾಳಿ ಮೂಸಿ, ಎರಡೂ ಕೈಯಿಂದ ಚಾಪೆ ಸುತ್ತುವುದು. ಇದನ್ನೆಲ್ಲ ಅವಳೂ ಅಮ್ಮನೂ ಸೇರಿ ಮಾಡಿಕೊಂಡಿದ್ದರು. ಅಮ್ಮನಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ಸಂಜೆ ಜಗಲಿಯಲ್ಲಿ ಅವರಿಬ್ಬರೂ ಕೈಯಲ್ಲಿ ಊರ ಸುದ್ದಿ ಆಡಿಕೊಂಡು ನಗುವಾಗ, ಅಮ್ಮನೂ ಕಿವುಡಿಯೇ ಎಂದು ಹೊಸಬರು ತಿಳಿಯುತ್ತಿದ್ದರು.

ಜ್ವರ ಬಂದು ನನ್ನ ಕಿವಿ ಹೋದದ್ದು ನಾನು ಒಂದನೇ ಕ್ಲಾಸಿನಲ್ಲಿದ್ದಾಗ. ಅಷ್ಟರಲ್ಲಿ ನನಗೆ ಮಾತು ಬಂದಿತ್ತು. ಹಾಗಾಗಿ ನನ್ನನ್ನು ಕಿವುಡು ಮಕ್ಕಳ ಶಾಲೆಯ ಹಾಸ್ಟೆಲಿಗೆ ಹಾಕಿದರು. ಅಕ್ಕ ಮೀನಿನ ಕೆಲಸಕ್ಕೆ ಬೇಕಾಗಿದ್ದಳು, ಅವಳನ್ನು ಯಾರೂ ಕಳಿಸಲಿಲ್ಲ. ಅಲ್ಲಿ ಕ್ಲಾಸಿನಲ್ಲಿ ಕೈಯಾಡಿಸಿದರೆ ಸ್ಕೇಲಿನಿಂದ ಪೆಟ್ಟು. ತುಟಿ ನೋಡಿಯೇ ಕಲಿಯಬೇಕು. ಕೈಮಾತು ಕಲಿತದ್ದೆಲ್ಲ ಊಟದ ಸಾಲಿನಲ್ಲಿ, ದೊಡ್ಡ ಹುಡುಗಿಯರಿಂದ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಮನೆಗೆ ಬಂದೆ. ಅಕ್ಷರ ತಂದದ್ದು ಸ್ವಲ್ಪ, ಜಂಬ ತಂದದ್ದು ಹೆಚ್ಚು. ನನ್ನದು ಸರಿಯಾದ ಭಾಷೆ, ಅಕ್ಕನದು 'ಮೀನ್ ಮಾತು' ಎಂದು ಹೆಸರಿಟ್ಟೆ.

ದೊಡ್ಡವಳಾದ ಮೇಲೆ ಕುಂದಾಪುರದಲ್ಲಿ ರವಿಕೆ ಹೊಲಿಯುವ ಕೆಲಸ ಸಿಕ್ಕಿತು. ಭಾನುವಾರ ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರದ ಕಬ್ಬಿನ ಹಾಲಿನ ಅಂಗಡಿಯ ಪಕ್ಕದಲ್ಲಿ ನಮ್ಮಂಥವರು ಸೇರುತ್ತಿದ್ದೆವು. ಬೈಂದೂರಿನಿಂದ ಒಬ್ಬ ಬಡಗಿ, ಬ್ರಹ್ಮಾವರದಿಂದ ಗಂಡ ಹೆಂಡತಿ, ಕುಂದಾಪುರದ ಕೆಲವರು. ಎಲ್ಲರೂ ಕಿವುಡರೇ. ಕೈಯಲ್ಲಿ ಆಡಿದ್ದನ್ನು ಬರೆಯುವಾಗ ನಾನು ನಮ್ಮೂರ ಮಾತಿನಲ್ಲೇ ಬರೆಯುತ್ತೇನೆ. ಕಿವಿ ಇದ್ದಾಗ ನಾನು ಕೇಳಿದ್ದು ಅದನ್ನೇ.

"ಹ್ವಾಯ್, ನಾನ್ ಬೈಂದೂರಿಂದ ಬತ್ತೆ. ಇಲ್ಲೇ ಇಪ್ಪವ್ರಿಗೆ ಎಂತ ತಡ?" ಎಂದು ಬಡಗಿ ಪ್ರತಿ ವಾರ ಬೈಯುತ್ತಿದ್ದ.

ಒಂದು ಭಾನುವಾರ ಅಕ್ಕನನ್ನೂ ಕರೆದುಕೊಂಡು ಹೋದೆ. ಮೊದಲು ಅವಳು ನನ್ನ ಹಿಂದೆಯೇ ನಿಂತಿದ್ದಳು. ಆಮೇಲೆ ಧೈರ್ಯ ಬಂದು ಹದ್ದಿನ ಕಥೆ ಶುರು ಮಾಡಿದಳು. ಚಾಪೆಯ ಮೀನಿಗೆ ಹದ್ದು ಎರಗಿದ್ದು, ಅಮ್ಮ ಅಂಗಳ ಗುಡಿಸುವ ಹಿಡಿಸೂಡಿ ಎಸೆದದ್ದು, ಅದು ಹದ್ದಿಗೆ ತಾಗದೆ ಒಣಮೀನು ಕೊಳ್ಳಲು ಬಂದವನ ತಲೆಯ ಮೇಲೆ ಬಿದ್ದದ್ದು. ಅಕ್ಕ ಹೇಳಿದರೆ ಹದ್ದಿನ ರೆಕ್ಕೆಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಆದರೆ ಅವಳು ಹಣೆ ಒರೆಸಿಕೊಂಡಾಗ ಬ್ರಹ್ಮಾವರದ ಹೆಂಗಸು ನನ್ನ ಕಡೆ ತಿರುಗಿ, "ಅದ್ ಎಂತ?" ಎಂದಳು.

ನನಗೆ ನಾಚಿಕೆಯಾಯಿತು. ಅಕ್ಕನ ಎರಡೂ ಕೈ ಗಬಕ್ಕನೆ ಹಿಡಿದೆ. ಅವಳ ಬೆರಳನ್ನು ಎಳೆದು ಮೂಗುಬೊಟ್ಟಿನ ಜಾಗಕ್ಕೆ ಒತ್ತಿದೆ. ಶಾಲೆಯಲ್ಲಿ ಅಮ್ಮ ಎಂದರೆ ಹಾಗೆ. "ಹೀಂಗ್! ಅಮ್ಮ ಅಂದ್ರ್ ಹೀಂಗ್. ನೀ ಮಾಡುದ್ ಬರೀ ಬೆವರ್," ಎಂದು ನನ್ನ ಒಂದು ಕೈ ಬಿಡಿಸಿಕೊಂಡು ಆಡಿದೆ. ಒಂದಿಬ್ಬರು ನಕ್ಕರು. ನಗಲಿ ಎಂದೇ ನಾನು ಹೇಳಿದ್ದು.

ಕಿವುಡರ ಕೈ ಹಿಡಿಯುವುದೆಂದರೆ ಮಾತಾಡುವವರ ಬಾಯಿ ಮುಚ್ಚಿದ ಹಾಗೆ. ಹಾಸ್ಟೆಲಿನಲ್ಲಿದ್ದ ನನಗೆ ಅದು ಗೊತ್ತಿಲ್ಲದ್ದೇನಲ್ಲ. ಅಕ್ಕ ಕೈ ಬಿಡಿಸಿಕೊಂಡು ಸೆರಗಿನೊಳಗೆ ಇಟ್ಟುಕೊಂಡಳು. ಹದ್ದು ಆಕಾಶದಲ್ಲೇ ಉಳಿಯಿತು. ಬಸ್ಸಿನಲ್ಲಿ ಬೀಜಾಡಿಯವರೆಗೂ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು.

ಮರುದಿನ ಅಮ್ಮ ನನ್ನ ಗಲ್ಲ ಹಿಡಿದು ತನ್ನ ತುಟಿಯ ಕಡೆ ತಿರುಗಿಸಿದಳು. "ನೀ ಎಂತ ಮಾಡ್ದೆ ಹೆಣೆ? ಅವ್ಳ್ ಕೈ ಕಟ್ಕಂಡ್ ಕೂತಿದ್ಳ್. ನಿಂಗ್ ನಾಲ್ಕ್ ಅಕ್ಷರ ಬಂತ್ ಅಂದೇಳಿ ಅವ್ಳ್ ಮಾತ್ ಮಾತಲ್ದಾ?"

"ನಾ ಕಲ್ಸುಕ್ ಹೋದ್ದ್," ಎಂದೆ.

"ಕಲ್ಸುದಾ? ಆ ಮಾತ್ ಕಲ್ಸಿದ್ದ್ ನಾನ್!"

ಆಮೇಲೆ ಅಕ್ಕ ಮನಸ್ಸು ಬಿಚ್ಚಿ ಆಡಿದ್ದೆಲ್ಲ ಅಮ್ಮನ ಹತ್ತಿರ ಮಾತ್ರ. ನನಗೆ ತಲೆಯಾಡಿಸುವುದು, ಬೆರಳು ತೋರುವುದು, ಅಷ್ಟೇ. ಭಾನುವಾರ ಕರೆದರೆ ಕೈ ಸೆರಗಿನೊಳಗೆ ಹೋಗುತ್ತಿತ್ತು.

ವರ್ಷಗಳು ಹೋದ ಹಾಗೆ ಭಾನುವಾರದ ಗುಂಪಿನಲ್ಲೂ ನನ್ನ ಕಣ್ಣು ನಿಧಾನಕ್ಕೆ ತೆರೆಯಿತು. ಬಡಗಿ 'ನಾಳೆ' ಎನ್ನುವ ರೀತಿ ಬೇರೆ, ಬ್ರಹ್ಮಾವರದವರದು ಬೇರೆ. ಬಡಗಿಯ 'ಕೆಲಸ'ದಲ್ಲಿ ಉಳಿ ಪೆಟ್ಟಿನ ಗತ್ತೇ ಇತ್ತು. ಅವನನ್ನು ನಾನು ಒಂದು ದಿನವೂ ತಿದ್ದಿರಲಿಲ್ಲ. ತಿದ್ದಿದ್ದು ನನ್ನ ಮನೆಯವಳನ್ನು, ತಿರುಗಿ ಬೈಯದವಳನ್ನು.

ಹೋದ ವರ್ಷ ಅಮ್ಮ ತೀರಿಕೊಂಡಳು. ಅಕ್ಕನ ಕೈ ಪೂರ್ತಿ ನಿಂತೇಹೋಯಿತು. ಒಂದು ಮಧ್ಯಾಹ್ನ ಕಡಲ ಕಡೆ ಮೋಡ ಕವಿದಿತ್ತು. ಅಂಗಳದಲ್ಲಿ ಮೀನೂ ಇರಲಿಲ್ಲ, ಚಾಪೆಯೂ ಇರಲಿಲ್ಲ. ಅಕ್ಕ ಒಬ್ಬಳೇ ನಿಂತು ಗಾಳಿ ಮೂಸಿದಳು. ಬರಿಗೈಯಲ್ಲಿ ಚಾಪೆ ಸುತ್ತಿದಳು. ನೋಡುವವರು ಯಾರೂ ಇಲ್ಲ ಎಂದುಕೊಂಡಿದ್ದಳು. ಆ ಮಾತು ಅರ್ಥವಾಗುವವಳು ಈ ಭೂಮಿಯ ಮೇಲೆ ಇನ್ನು ನಾನೊಬ್ಬಳೇ ಎಂದು ಕಿಟಕಿಯ ಹಿಂದೆ ನಿಂತ ನನಗೆ ಆಗ ಹೊಳೆಯಿತು. ಹೊರಗೆ ಹೋಗಿ ನಾನೂ ಚಾಪೆ ಸುತ್ತಿ ತೋರಿಸಿದೆ. ಅವಳು ನನ್ನನ್ನೇ ನೋಡಿ ಒಳಗೆ ಹೋದಳು. ತಮಾಷೆ ಮಾಡಿದೆ ಎಂದುಕೊಂಡಳೋ ಏನೋ.

ಅಕ್ಕ ಬರದಿದ್ದರೆ ಬೇಡ ಎಂದು, ಅಮ್ಮನ ವರ್ಷಾಂತದ ತಿಥಿ ಮುಗಿದ ಮೇಲೆ ಒಂದು ಭಾನುವಾರ ನಮ್ಮ ಗುಂಪನ್ನೇ ಮನೆಗೆ ಕರೆದೆ. ಅಕ್ಕ ಎಲ್ಲರಿಗೂ ಚಾ ಕೊಟ್ಟು, ಖಾಲಿ ಲೋಟ ಹಿಡಿದು ಬಾಗಿಲ ಬಳಿ ನಿಂತಳು. ಬಡಗಿ ಗೋಡೆಯ ಫೋಟೋ ತೋರಿಸಿ, "ಇವ್ರ್ ಯಾರ್?" ಎಂದ.

ನಾನು ಮೂಗು ಮುಟ್ಟಲಿಲ್ಲ. ಹಣೆ ಒರೆಸಿಕೊಂಡೆ.

"ಸೆಕೆಯಾ? ಫ್ಯಾನ್ ಹಾಕ್ ಮಾರಾಯ್ತಿ!" ಎಂದ ಅವನು. ಎಲ್ಲರೂ ನಕ್ಕರು. ನಾನು ಬಿಡಲಿಲ್ಲ. ಇದು ನಮ್ಮ ಮನೆಯಲ್ಲಿ ಅಮ್ಮ, ಅಂದು ನಾನೇ ನಡುವೆ ನಿಲ್ಲಿಸಿದ ಕಥೆ ಈ ಅಮ್ಮನದ್ದೇ ಎಂದೆ. ಕೈಯಲ್ಲೇ ಹದ್ದು ಹಾರಿಸಿದೆ, ಮೀನು ಹರಡಿದೆ, ಮತ್ತೆ ಹಣೆ ಒರೆಸಿಕೊಂಡೆ.

ಅಕ್ಕ ಲೋಟ ಕೆಳಗಿಟ್ಟು ಸರಸರ ಬಂದಳು. ಎಲ್ಲರೆದುರು ನನ್ನ ಕೈ ಹಿಡಿದಳು. ನಾನು ಅಂಗೈಯಿಂದ ಒರೆಸಿಕೊಂಡಿದ್ದೆ. ಅವಳು ನನ್ನ ಕೈ ತಿರುಗಿಸಿ, ಮಣಿಕಟ್ಟಿನ ಹಿಂಬದಿಯನ್ನು ನನ್ನ ಹಣೆಗೆ ಒತ್ತಿದಳು. ಆಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ಮುಖ ಸಿಂಡರಿಸಿದಳು. ಇಲ್ಲೆಲ್ಲ ಮೀನು ಮೆತ್ತಿದೆ, ಪೆದ್ದಿ, ಅಂಗೈಯಲ್ಲಿ ಒರೆಸಿಕೊಳ್ಳುವುದು ಹೇಗೆ?

ಬಡಗಿ ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದ. "ಈಗ ಗೊತ್ತಾಯ್ತ್. ಆ ಹದ್ದ್ ಮತ್ತೆ ಎಂತ ಮಾಡ್ತ್?"

ಅಕ್ಕ ಒಮ್ಮೆ ನನ್ನ ಮುಖ ನೋಡಿದಳು. ನನ್ನ ಕೈ ಇನ್ನೂ ಅವಳ ಹಿಡಿತದಲ್ಲೇ ಇತ್ತು. ಹದ್ದಿನ ರೆಕ್ಕೆಗೆ ಎರಡೂ ಕೈ ಬೇಕಲ್ಲ. ಅವಳು ನನ್ನ ಕೈ ಬಿಟ್ಟಳು.