ಫಕ್ಕೀರವ್ವನ ಹಲ್ಲು ಮತ್ತು ನಮ್ಮ ಸಾಜಿಯಾ ಮೇಡಂ

ಹಾವೇರಿ ಜಿಲ್ಲೆಯ ದಂತವೈದ್ಯರಲ್ಲಿ, ಹಲ್ಲು ಕೀಳುವುದಕ್ಕಿಂತ ಉಳಿಸುವುದಕ್ಕೇ ಹೆಸರಾದವರು ಡಾ. ಸಾಜಿಯಾ ಅವರು. ಬ್ಯಾಡಗಿಯಲ್ಲಿ ಸೇವೆ ಆರಂಭಿಸಿ, ಹಾವೇರಿಯಲ್ಲಿ ಹನ್ನೊಂದು ವರ್ಷ ದುಡಿದು, ಈಗ ರಾಣೆಬೆನ್ನೂರಿನಲ್ಲಿ ನಿವೃತ್ತರಾಗುತ್ತಿರುವ ಈ ಗುರುಗಳ ಕುರಿತು ಬರೆಯಲು ಕುಳಿತಾಗ ನನಗೆ ಮೊದಲು ನೆನಪಾಗುವುದು, ನಾನು ಗೊಂದಲದಲ್ಲಿ ಮುಳುಗಿದ್ದ ಹತ್ತು ದಿನಗಳು.

ಹಾವೇರಿಯಲ್ಲಿ ಆಗಷ್ಟೇ ಅವರ ಕೈಕೆಳಗೆ ಸೇರಿದ್ದೆ. ಗುತ್ತಲದ ರೈತ ಮಹಿಳೆ ಫಕ್ಕೀರವ್ವ, ಕೆಳದವಡೆಯ ಮುಂದಿನ ಹಲ್ಲು ನೋಯುತ್ತಿದೆಯೆಂದು ಬಂದರು. ಒಂದೇ ಬೇರಿನ ಹಲ್ಲು. ಹೊಸಬರೂ ಮಾಡಬಹುದಾದ ರೂಟ್ ಕೆನಾಲ್ ಎಂದು ಮೇಡಂ ನನಗೇ ಒಪ್ಪಿಸಿದರು. ಕೊಳೆತ ನರವನ್ನು ತೆಗೆದೆ, ಬೇರಿನ ನಾಳವನ್ನು ತುದಿಯವರೆಗೆ ಸ್ವಚ್ಛಗೊಳಿಸಿ, ಔಷಧಿಯಿಟ್ಟು ಮುಚ್ಚಿದೆ. ಎಕ್ಸ್-ರೇಯಲ್ಲಿ ಎಲ್ಲವೂ ಸರಿಯಾಗಿತ್ತು. ನಾಲ್ಕನೆಯ ದಿನ ಆಕೆ ಗದ್ದ ಹಿಡಿದುಕೊಂಡು ಮರಳಿದರು. ಮತ್ತೆ ತೊಳೆದೆ, ಮತ್ತೆ ಬಂದರು. ಪಕ್ಕದ ಹಲ್ಲು ಕೆಟ್ಟಿದೆಯೇ, ಬೇರು ಸೀಳಿದೆಯೇ, ನಾನೇ ಏನಾದರೂ ಕೆಡಿಸಿದೆನೇ, ಒಂದೂ ತಿಳಿಯದಾಯಿತು.

“ಕಿತ್ತ ಒಗದ ಬಿಡ್ರಿ ಡಾಕ್ಟ್ರ. ಅನ್ನ ಸೈತ ಉಣ್ಣಾಕ ಆಗವಲ್ದು” ಎಂದರು ಫಕ್ಕೀರವ್ವ. ನಾನು ಇಕ್ಕಳಕ್ಕೆ ಕೈ ಹಾಕಿಯೇಬಿಟ್ಟೆ.

ಮೇಡಂ ತಡೆದರು. ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ರೋಗಿಯ ಎದುರಿಗೇ ಹೇಳಿದರು: “ಯಾಕ ನೋಯಾಕತ್ತೈತಿ ಅಂತ ನನಗೂ ತಿಳೀವಲ್ದು ಅವ್ವಾರ. ಇನ್ನೊಂದು ಸಲ ನೋಡೂನು. ಕಿತ್ತರ ಮತ್ತ ಹಚ್ಚಾಕ ಬರೂದಿಲ್ರಿ.”

ಇಷ್ಟು ಅನುಭವಿಗಳು ಹೀಗೆನ್ನಬಹುದೇ ಎಂದು ನಾನು ಇನ್ನಷ್ಟು ತಬ್ಬಿಬ್ಬಾದೆ. ಫಕ್ಕೀರವ್ವ ಮಾತ್ರ, “ಖರೇ ಹೇಳಿದ್ರಿ. ನೋಡ್ರಿ ಹಂಗಾರ” ಎಂದು ಬಾಯಿ ತೆರೆದರು.

ಮೇಡಂ ಈ ಬಾರಿ ಯಂತ್ರವನ್ನು ಓರೆಯಾಗಿಟ್ಟು ಎಕ್ಸ್-ರೇ ತೆಗೆದರು. ಒಂದೇ ಬೇರಿನೊಳಗೆ, ಒಂದರ ಹಿಂದೊಂದು, ಎರಡು ನಾಳಗಳು ಕಂಡವು. ಹಲ್ಲಿಗೆ ನಾನು ಕೊರೆದಿದ್ದ ರಂಧ್ರವನ್ನು ನಾಲಿಗೆಯ ಬದಿಗೆ ತುಸುವೇ ಹಿಗ್ಗಿಸಿದಾಗ, ನಾಳವನ್ನು ಕೆರೆದು ಸ್ವಚ್ಛಗೊಳಿಸುವ ಸೂಜಿಯಂಥ ತೆಳು ಫೈಲು, ನಾನು ಮುಟ್ಟದೇ ಬಿಟ್ಟಿದ್ದ ಎರಡನೆಯ ನಾಳಕ್ಕೆ ಇಳಿಯಿತು.

“ನಾವು ಮೊದಲ ನೋಡಬೇಕಿತ್ತು, ತಪ್ಪಾತ್ರಿ” ಎಂದು ಮೇಡಂ ಫಕ್ಕೀರವ್ವನವರಿಗೆ ಹೇಳಿದರು. ತಪ್ಪು ನನ್ನದಾಗಿತ್ತು. ಬಳಿಕ ಫೈಲನ್ನು ನನ್ನತ್ತ ಚಾಚಿ, “ವೀರೇಂದ್ರ, ಮುಂದಿಂದು ನೀನ ಮಾಡು” ಎಂದರು. ಆ ನಾಳವನ್ನೂ ತುದಿಯವರೆಗೆ ಸ್ವಚ್ಛಗೊಳಿಸಿ ಮುಚ್ಚಿದೆ.

ವಾರದ ನಂತರ ಫಕ್ಕೀರವ್ವ ಬಂದಾಗ ನೋವಿರಲಿಲ್ಲ, ಹಲ್ಲು ಉಳಿದಿತ್ತು. ‘ನಾವು’ ಎಂಬ ಆ ಮಾತಿಗೆ ಕೃತಜ್ಞತೆ ಹೇಗೆ ಹೇಳಬೇಕೆಂದು ನನಗೆ ಅಂದು ತಿಳಿಯಲಿಲ್ಲ. ಇಂದಿಗೂ ಪೂರ್ತಿ ತಿಳಿದಿಲ್ಲ.

ಮೇಡಂ ಬಹುಕಾಲ ಆರೋಗ್ಯದಿಂದಿರಲಿ. ಬ್ಯಾಡಗಿಯ ನನ್ನ ಕ್ಲಿನಿಕ್ಕಿಗೆ ವಾರಕ್ಕೊಮ್ಮೆಯಾದರೂ ಬರಲಿ. ನನಗೆ ಅರ್ಥವಾಗದ ಹಲ್ಲುಗಳು ಇನ್ನೂ ಬರುತ್ತಲೇ ಇವೆ.